ಪಾಠಕ್ಕೆ ತಕ್ಕ ವೆಬ್‌ಸೈಟ್ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

‘ಶಿಕ್ಷಕರಿಗೆ ಬೇಕಾದ 50 ವೆಬ್‌ಸೈಟ್‌ಗಳು’ ಎಂಬಂಥ ಪಟ್ಟಿಗಳಿಗೆ ಬರವಿಲ್ಲ. ಓದುತ್ತೇವೆ, ಬುಕ್‌ಮಾರ್ಕ್ ಮಾಡಿಡುತ್ತೇವೆ, ಆಮೇಲೆ ಆ ಕಡೆ ತಲೆಹಾಕುವುದೇ ಇಲ್ಲ. ಪಟ್ಟಿ ಮಾಡಿದವರಿಗೆ ನಿಮ್ಮ ಪಾಠ ಎಲ್ಲಿ ತೊಡಕಾಗಿದೆ ಎಂದು ಗೊತ್ತಿರುವುದಿಲ್ಲವಲ್ಲ. ಆದ್ದರಿಂದ ಈ ಬರಹದಲ್ಲಿ ಹೆಸರುಗಳು ಸಾಕಷ್ಟು ಬಂದರೂ ಇದು ಹೆಸರುಗಳ ಪಟ್ಟಿಯಲ್ಲ. ಹುಡುಕುವ ದಾರಿ, ಸಿಕ್ಕಿದ್ದನ್ನು ಒರೆಗೆ ಹಚ್ಚುವ ಬಗೆ, ನಾಳೆ ಅದು ಕೈಕೊಟ್ಟರೆ ಮಾಡಬೇಕಾದದ್ದು, ಇಷ್ಟು ಇಲ್ಲಿದೆ. ಪಾಠ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮನೆಯಲ್ಲಿ ಮಕ್ಕಳ ಓದು ನೋಡಿಕೊಳ್ಳುವವರಿಗೂ ತಾವೇ ಕೂತು ಕಲಿಯುವವರಿಗೂ ದಾರಿ ಇದೇ.

ಹೆಜ್ಜೆ 1: ತೊಡಕನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಬ್ರೌಸರ್ ತೆರೆಯುವ ಮೊದಲು ಪೆನ್ನು ಹಿಡಿಯಿರಿ. ‘ವಿದ್ಯುತ್ ಪಾಠಕ್ಕೆ ಒಳ್ಳೆಯ ಸೈಟ್ ಬೇಕು’ ಎಂದು ಹೊರಟರೆ ಸಾವಿರಾರು ಪುಟಗಳ ನಡುವೆ ಕಳೆದುಹೋಗುತ್ತೀರಿ. ಅದರ ಬದಲು ಹೀಗೆ ಬರೆದುಕೊಳ್ಳಿ: ‘ಬಲ್ಬು ಕರೆಂಟನ್ನು ತಿಂದುಹಾಕುತ್ತದೆ, ಬಲ್ಬು ದಾಟಿದ ಮೇಲೆ ತಂತಿಯಲ್ಲಿ ಕರೆಂಟು ಕಡಿಮೆ ಇರುತ್ತದೆ ಎಂದು ಮಕ್ಕಳು ನಂಬಿದ್ದಾರೆ.’ ಈಗ ಬೇಕಾದದ್ದು ಏನೆಂದು ತಾನಾಗಿಯೇ ಸ್ಪಷ್ಟವಾಯಿತು. ಬಲ್ಬಿನ ಎರಡೂ ಬದಿಗೆ ಮೀಟರ್ ಇಟ್ಟು ನೋಡಲು ಬಿಡುವ ಒಂದು ಸಾಧನ ಸಿಕ್ಕರೆ ಸಾಕು. ವಿಡಿಯೊ ಬೇಡ, ರಸಪ್ರಶ್ನೆ ಬೇಡ, ಬಣ್ಣಬಣ್ಣದ ಪೋಸ್ಟರ್ ಅಂತೂ ಬೇಡವೇ ಬೇಡ.

ತೊಡಕುಗಳಲ್ಲಿ ಕೆಲವು ಜಾತಿಗಳಿವೆ. ಕಣ್ಣಿಗೆ ಕಾಣದ್ದು ಒಂದು ಜಾತಿ: ಅಣು ತೀರಾ ಚಿಕ್ಕದು, ಗ್ರಹಗಳ ಚಲನೆ ತೀರಾ ನಿಧಾನ. ಇಂಥದಕ್ಕೆ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಆಡಿಸಿ ನೋಡಬಹುದಾದ ಮಾದರಿ, ಬೇಕು. ಅರ್ಥವಾಗಿಯೂ ನೆನಪಿನಲ್ಲಿ ನಿಲ್ಲದ್ದು ಇನ್ನೊಂದು. ಅಲ್ಲಿ ಸಿಮ್ಯುಲೇಶನ್ ಏನೂ ಮಾಡಲಾರದು, ಬಿಡುವು ಕೊಟ್ಟು ಕೊಟ್ಟು ಮತ್ತೆ ಕೇಳುವ ಫ್ಲ್ಯಾಶ್‌ಕಾರ್ಡ್ ಬೇಕು. ‘ಇದೆಲ್ಲ ಪುಸ್ತಕದ ಲೆಕ್ಕ’ ಎಂದು ಮಕ್ಕಳು ಮೂಗು ಮುರಿಯುವುದು ಮತ್ತೊಂದು. ಅದಕ್ಕೆ ನಿಜವಾದ ದತ್ತಾಂಶ ಬೇಕು. ನಾಲ್ಕು ಜನ ಸೇರಿ ಬರೆಯಬೇಕಾದದ್ದು, ಬರೆದದ್ದನ್ನು ತಿದ್ದಬೇಕಾದದ್ದು, ಹೀಗೆ ನಿಮ್ಮವೇ ಜಾತಿಗಳು ಸೇರುತ್ತಾ ಹೋಗುತ್ತವೆ. ತೊಡಕಿಗೂ ಸಾಧನಕ್ಕೂ ಜಾತಿ ಹೊಂದದಿದ್ದರೆ ಎಷ್ಟು ಪ್ರಶಸ್ತಿ ಬಂದ ವೆಬ್‌ಸೈಟ್ ಆದರೂ ಪ್ರಯೋಜನವಿಲ್ಲ.

ಹೆಜ್ಜೆ 2: ಸರ್ಚ್ ಎಂಜಿನ್‌ಗಿಂತ ಮೊದಲು ಭಂಡಾರಗಳಿಗೆ ಹೋಗಿ

ಸರ್ಚ್ ಎಂಜಿನ್‌ನಲ್ಲಿ ಮೇಲೆ ಬರುವುದು ಜಾಹೀರಾತು ಕೊಟ್ಟವರು, ಹುಡುಕಾಟದ ಪದಗಳನ್ನು ಲೆಕ್ಕ ಹಾಕಿ ಪುಟ ಬರೆದವರು. ಪಾಠಕ್ಕೆ ಒಳ್ಳೆಯದಾದದ್ದು ಮೂರನೆಯ ಪುಟದಲ್ಲೆಲ್ಲೋ ಮಲಗಿರುತ್ತದೆ. ಮುಕ್ತ ಶೈಕ್ಷಣಿಕ ಸಂಪನ್ಮೂಲಗಳನ್ನು, ಅಂದರೆ ಒಇಆರ್‌ಗಳನ್ನು, ಒಟ್ಟು ಮಾಡಿ ವಿಂಗಡಿಸಿಟ್ಟ ಭಂಡಾರಗಳು ಹಿಂದಿನಿಂದಲೂ ಇವೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 1997ರಲ್ಲಿ ಶುರುಮಾಡಿದ ‘ಮರ್ಲಾಟ್’ ಅವುಗಳಲ್ಲಿ ಹಳೆಯದು. 2007ರಲ್ಲಿ ಬಂದ ‘ಒಇಆರ್ ಕಾಮನ್ಸ್’ನಲ್ಲಿ ತರಗತಿ, ವಿಷಯ, ಪರವಾನಗಿ ಆರಿಸಿ ಸೋಸಿಕೊಳ್ಳಬಹುದು. ಪಠ್ಯಪುಸ್ತಕವೇ ಬೇಕೆಂದರೆ ರೈಸ್ ವಿಶ್ವವಿದ್ಯಾಲಯದ ‘ಓಪನ್‌ಸ್ಟ್ಯಾಕ್ಸ್’ ಇದೆ. ಕಾಲೇಜು ಮಟ್ಟದ ಭೌತಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರದ ಪುಸ್ತಕಗಳು ಅಲ್ಲಿ ಉಚಿತ. ಪೂರ್ಣ ಕೋರ್ಸುಗಳ ಉಪನ್ಯಾಸ, ಅಭ್ಯಾಸಪತ್ರ, ಹಳೆಯ ಪರೀಕ್ಷೆಗಳು ಬೇಕಾದವರು ಎಂಐಟಿಯ ‘ಓಪನ್‌ಕೋರ್ಸ್‌ವೇರ್’ ನೋಡಬಹುದು. ಆ ಯೋಜನೆ ಘೋಷಣೆಯಾದದ್ದು 2001ರಲ್ಲಿ. ಉಪನ್ಯಾಸದ ವಿಡಿಯೊಗಿಂತ ಅಲ್ಲಿನ ಅಭ್ಯಾಸಪತ್ರಗಳೇ ಹೆಚ್ಚು ಬೆಲೆಬಾಳುವಂಥವು ಎಂಬುದು ನನ್ನ ಅಭಿಪ್ರಾಯ. ಬಹಳ ಜನ ಅವನ್ನು ತೆರೆದೂ ನೋಡುವುದಿಲ್ಲ.

ಭಂಡಾರದಲ್ಲಿ ಸಿಗದಿದ್ದರೆ ಆಮೇಲೆ ಸರ್ಚ್ ಎಂಜಿನ್. ಅಲ್ಲೂ ಒಂದು ಉಪಾಯವಿದೆ. ಹುಡುಕುವ ಪದಗಳ ಮುಂದೆ ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಅದಕ್ಕೆ ಅಂಟಿಕೊಂಡಂತೆ ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ‘ಇಡಿಯು’ ಎಂಬ ಮೂರಕ್ಷರದ ವಿಳಾಸದ ಬಾಲ ಸೇರಿಸಿ. ಆ ಬಾಲವಿರುವ ವಿಳಾಸಗಳು ಮಾತ್ರ ಬರುತ್ತವೆ. ಅವು ಹೆಚ್ಚಾಗಿ ಅಮೆರಿಕದ ವಿಶ್ವವಿದ್ಯಾಲಯಗಳವು. ನಿಮಗೆ ಬೇಕಾದ ದೇಶದ ವಿಶ್ವವಿದ್ಯಾಲಯಗಳ ಬಾಲವನ್ನೂ ಹಾಗೆಯೇ ಕೊಡಬಹುದು. ‘ಫೈಲ್‌ಟೈಪ್’ ಎಂದು ಬರೆದು ಕೋಲನ್ ಹಾಕಿ ಪಿಡಿಎಫ್ ಎಂದರೆ ಪಿಡಿಎಫ್ ಕಡತಗಳು ಮಾತ್ರ ಬರುತ್ತವೆ, ಅವುಗಳಲ್ಲಿ ಅಭ್ಯಾಸಪತ್ರಗಳು ಜಾಸ್ತಿ ಸಿಗುತ್ತವೆ. ಪಾಠದ ಹೆಸರಿನ ಜೊತೆ ‘ಮಿಸ್‌ಕನ್ಸೆಪ್ಶನ್’ (ತಪ್ಪು ಕಲ್ಪನೆ), ‘ಸಿಮ್ಯುಲೇಶನ್’, ‘ಡೇಟಾಸೆಟ್’ ಎಂಬ ಪದಗಳಲ್ಲಿ ಒಂದನ್ನು ಸೇರಿಸಿ ನೋಡಿ. ಫಲಿತಾಂಶದ ಚಹರೆಯೇ ಬದಲಾಗುತ್ತದೆ.

ಎಐ ಚಾಟ್‌ಬಾಟ್‌ಗಳನ್ನು ಕೇಳುವುದೂ ಒಂದು ದಾರಿ. ಆದರೆ ಅವು ಇಲ್ಲದ ವೆಬ್‌ಸೈಟನ್ನು ಇದೆ ಎಂದು ಗತ್ತಿನಿಂದ ಹೇಳಿಬಿಡುತ್ತವೆ. ಮುಚ್ಚಿಹೋದ ಸೇವೆಯನ್ನು ಇನ್ನೂ ಚಾಲ್ತಿಯಲ್ಲಿರುವಂತೆ ವರ್ಣಿಸುತ್ತವೆ. ಅವುಗಳಿಂದ ವಿಳಾಸ ಕೇಳುವುದಕ್ಕಿಂತ ‘ಈ ತೊಡಕಿಗೆ ಯಾವ ಬಗೆಯ ಸಾಧನ ಬೇಕು, ಅದನ್ನು ಯಾವ ಪದಗಳಿಂದ ಹುಡುಕಲಿ?’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ವಿಳಾಸ ಕೊಟ್ಟರೆ ನೀವೇ ತೆರೆದು ನೋಡುವ ತನಕ ನಂಬಬೇಡಿ.

ಕೊನೆಯ ದಾರಿ, ಹೆಸರು ಗೊತ್ತಿರುವ ಒಂದು ಒಳ್ಳೆಯ ಸಾಧನದಿಂದ ಅದರ ನೆಂಟರನ್ನು ಹುಡುಕುವುದು. ‘ಆಲ್ಟರ್ನೇಟಿವ್‌ಟು’ ಎಂಬ ತಾಣದಲ್ಲಿ ಒಂದು ಸಾಫ್ಟ್‌ವೇರ್ ಹೆಸರು ಕೊಟ್ಟರೆ ಅದಕ್ಕೆ ಬದಲಿಗಳು ಬರುತ್ತವೆ, ಉಚಿತ ಯಾವುದು, ಓಪನ್ ಸೋರ್ಸ್ ಯಾವುದು ಎಂದು ಸೋಸಬಹುದು. ಶಿಕ್ಷಕರ ದೃಷ್ಟಿಯ ವಿಮರ್ಶೆ ಬೇಕಾದರೆ ‘ಕಾಮನ್ ಸೆನ್ಸ್ ಎಜುಕೇಶನ್’ ಇದೆ. ಕಲಿಕಾ ತಂತ್ರಜ್ಞಾನದ ಸಲಹೆಗಾರ್ತಿ ಜೇನ್ ಹಾರ್ಟ್ 2007ರಿಂದ ಮತ ಸಂಗ್ರಹಿಸಿ ಮಾಡುತ್ತಾ ಬಂದ ಕಲಿಕಾ ಸಾಧನಗಳ ಪಟ್ಟಿಯನ್ನೂ ಒಮ್ಮೆ ಕಣ್ಣಾಡಿಸಬಹುದು, ಅಷ್ಟೇ. ಜನಪ್ರಿಯವಾದದ್ದು ಯಾವುದು ಎಂದು ಅದು ಹೇಳುತ್ತದೆ, ನಿಮ್ಮ ಪಾಠಕ್ಕೆ ಯಾವುದು ಎಂದು ಹೇಳುವುದಿಲ್ಲ.

ಹೆಜ್ಜೆ 3: ವಿದ್ಯಾರ್ಥಿಯಾಗಿ ಕೂತು ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವ ಹೆಜ್ಜೆ ಇದು. ಬಹಳ ಜನ ದಾಟಿಹೋಗುವುದೂ ಇದನ್ನೇ. ಪರಿಚಯದ ವಿಡಿಯೊ ನೋಡಿ ತೀರ್ಮಾನಿಸಬೇಡಿ, ನೀವೇ ಆಡಿ.

ಬಲ್ಬಿನ ಉದಾಹರಣೆಯನ್ನೇ ಮುಂದುವರಿಸೋಣ. ಭಂಡಾರಗಳಲ್ಲಿ ಹುಡುಕಿದರೆ ‘ಫೆಟ್’ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. 2001ರ ಭೌತಶಾಸ್ತ್ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಸಿಮ್ಯುಲೇಶನ್ ಯೋಜನೆ ಇದು. ಅದರ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್’ ತೆರೆಯಿರಿ. ಪಕ್ಕದ ಪೆಟ್ಟಿಗೆಯಿಂದ ಬ್ಯಾಟರಿ, ತಂತಿ, ಬಲ್ಬು, ಸ್ವಿಚ್ ಎಳೆದು ತಂದು ಜೋಡಿಸಿ. ಸ್ವಿಚ್ ಹಾಕಿದ ಕ್ಷಣ ತಂತಿಯೊಳಗಿನ ನೀಲಿ ಚುಕ್ಕೆಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಬ್ಯಾಟರಿಯ ಹತ್ತಿರದವು ಮೊದಲು, ಬಲ್ಬಿನ ಹತ್ತಿರದವು ಆಮೇಲೆ ಎಂದಿಲ್ಲ. ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಮೊದಲೇ ಇದ್ದವು, ಬ್ಯಾಟರಿ ಅವನ್ನು ತಳ್ಳಿತಷ್ಟೇ ಎಂಬುದು ಮಾತಿಲ್ಲದೆ ಕಾಣುತ್ತದೆ. ಈಗ ಬಲ್ಬಿಗಿಂತ ಮೊದಲು ಕರೆಂಟು ಅಳೆಯುವ ಒಂದು ಅಮ್ಮೀಟರ್, ಆಮೇಲೆ ಒಂದು ಅಮ್ಮೀಟರ್ ಇಡಿ. ಎರಡೂ ಒಂದೇ ಅಂಕಿ ತೋರಿಸುತ್ತವೆ. ನೀವು ಬರೆದುಕೊಂಡಿದ್ದ ತೊಡಕಿಗೆ ಇಲ್ಲೇ ಪೆಟ್ಟು ಬಿತ್ತು. ಬಲ್ಬು ತೆಗೆದು ಬರಿ ತಂತಿಯಿಂದ ಬ್ಯಾಟರಿಯ ಎರಡು ತುದಿ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಕ್ಕಳು ಅದನ್ನೇ ಹತ್ತು ಸಲ ಮಾಡುತ್ತಾರೆ, ಮಾಡಲಿ ಬಿಡಿ. ಶಾರ್ಟ್ ಸರ್ಕ್ಯೂಟ್ ಏನೆಂದು ತಿಳಿಯಲು ಇದಕ್ಕಿಂತ ಅಪಾಯವಿಲ್ಲದ ದಾರಿ ಇನ್ನೊಂದಿಲ್ಲ.

ಹೊಗಳಿಕೆ ಇಷ್ಟು ಸಾಕು. ಇದರಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಇಲ್ಲಿ ಸಡಿಲವಾದ ಕನೆಕ್ಷನ್ ಎಂಬುದಿಲ್ಲ. ನಿಜವಾದ ತಂತಿ ಹಿಡಿದಾಗ ಬಲ್ಬು ಹತ್ತದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಅಭ್ಯಾಸ ಪರದೆಯಿಂದ ಬರುವುದಿಲ್ಲ. ಪರದೆ, ಆಮೇಲೆ ಒಂದು ನಿಜ ಬ್ಯಾಟರಿ, ಎರಡೂ ಬೇಕು.

ಆಡುವಾಗ ನಿಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ: ಯೋಚನೆ ಮಾಡುತ್ತಿರುವುದು ಯಾರು, ಕಲಿಯುವವರೋ ಸಾಧನವೋ? ಗ್ರಾಫ್ ಬಿಡಿಸುವ ‘ಡೆಸ್ಮಾಸ್’ ತೆರೆದು, ಎಕ್ಸ್ ವರ್ಗ, ಬಿ ಗುಣಿಸು ಎಕ್ಸ್, 1, ಈ ಮೂರನ್ನು ಕೂಡಿಸಿದ ಸಮೀಕರಣ ಬರೆಯಿರಿ. ಬಿ ಅಕ್ಷರಕ್ಕೆ ಒಂದು ಸ್ಲೈಡರ್ (ಎಳೆದು ಬೆಲೆ ಬದಲಾಯಿಸುವ ಗುಂಡಿ) ಬೇಕೇ ಎಂದು ಅದೇ ಕೇಳುತ್ತದೆ. ಸ್ಲೈಡರ್ ಎಳೆಯುವ ಮೊದಲು ವಿದ್ಯಾರ್ಥಿಗಳನ್ನು ಕೇಳಿ: ಬಿ ಬದಲಾದರೆ ಬಟ್ಟಲಿನಾಕಾರದ ಈ ರೇಖೆ, ಪ್ಯಾರಾಬೋಲ, ಎತ್ತ ಹೋಗುತ್ತದೆ? ‘ಎಡಕ್ಕೆ, ಇಲ್ಲವೇ ಬಲಕ್ಕೆ’ ಎಂಬ ಉತ್ತರವೇ ಹೆಚ್ಚು. ಸೊನ್ನೆಯಿಂದ ಯಾವ ಕಡೆಗೆ ಎಳೆದು ನೋಡಿದರೂ ಅದು ಸರಿಯುತ್ತಾ ಕೆಳಕ್ಕೂ ಇಳಿಯುತ್ತದೆ. ಅದರ ತಳದ ತುದಿ ಸಾಗುವ ದಾರಿಯನ್ನು ಗುರುತಿಸುತ್ತಾ ಹೋದರೆ ಬೋರಲು ಹಾಕಿದ ಇನ್ನೊಂದು ಪ್ಯಾರಾಬೋಲವೇ ಮೂಡುತ್ತದೆ. ಏಕೆ? ಉತ್ತರವನ್ನು ಡೆಸ್ಮಾಸ್ ಹೇಳುವುದಿಲ್ಲ. ಕಾಗದದ ಮೇಲೆ ಬಿಡಿಸಿಯೇ ಕಂಡುಕೊಳ್ಳಬೇಕು. ಅದೇ ಅದರ ಹೆಚ್ಚುಗಾರಿಕೆ. ಫೋಟೊ ತೆಗೆದ ಕೂಡಲೇ ಹಂತ ಹಂತವಾಗಿ ಲೆಕ್ಕ ಬಿಡಿಸಿಕೊಡುವ ಆ್ಯಪ್‌ಗಳೂ ಇವೆ. ಉತ್ತರ ತಾಳೆ ನೋಡಲು ಅವು ಸರಿ. ಕಲಿಯುವ ಹೊತ್ತಿನಲ್ಲಿ ಅವು ಕೈಗೆ ಸಿಗದಿದ್ದರೇ ಒಳ್ಳೆಯದು.

ಗೆಲುವು, ಅಂಕ, ನಕ್ಷತ್ರ, ಚಪ್ಪಾಳೆಯ ಸದ್ದು, ಇವಿಷ್ಟೇ ಇದ್ದು ತಪ್ಪಾದಾಗ ‘ತಪ್ಪು’ ಎನ್ನುವುದರ ಹೊರತು ಬೇರೇನೂ ಹೇಳದ ಸಾಧನವನ್ನು ಅಲ್ಲೇ ಬಿಟ್ಟುಬಿಡಿ. ಬೇಕೆಂದೇ ಒಂದು ತಪ್ಪು ಉತ್ತರ ಕೊಟ್ಟು ಅದು ಏನು ಹೇಳುತ್ತದೆ ನೋಡಿ. ಸಾಧನದ ಯೋಗ್ಯತೆ ಅಳೆಯಲು ಇದಕ್ಕಿಂತ ಬೇಗದ ದಾರಿ ನನಗೆ ಗೊತ್ತಿಲ್ಲ.

ಹೆಜ್ಜೆ 4: ಹಿಂದೆ ಯಾರಿದ್ದಾರೆ?

ಸೈಟಿನ ‘ನಮ್ಮ ಬಗ್ಗೆ’ ಪುಟ ಓದಿದರೆ ಎಲ್ಲರೂ ಶಿಕ್ಷಣ ಕ್ರಾಂತಿ ಮಾಡುತ್ತಿರುವವರೇ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರ್ಯೂ, ಇತಿಹಾಸಕಾರರು, ವಿದ್ಯಾರ್ಥಿಗಳು, ಸುದ್ದಿಯ ನಿಜ ಸುಳ್ಳು ಪರಿಶೀಲಿಸುವ ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು ವೆಬ್‌ಸೈಟನ್ನು ಹೇಗೆ ಅಳೆಯುತ್ತಾರೆಂದು ಹೋಲಿಸಿ ನೋಡಿದ್ದರು. ಫ್ಯಾಕ್ಟ್‌ಚೆಕರ್‌ಗಳು ಬೇಗ ಮತ್ತು ಸರಿಯಾಗಿ ತೀರ್ಮಾನಕ್ಕೆ ಬಂದರು. ಅವರು ಮಾಡಿದ್ದಿಷ್ಟೇ: ಆ ಸೈಟಿನೊಳಗೇ ಸುತ್ತಾಡದೆ ಹೊಸ ಟ್ಯಾಬ್ ತೆರೆದು, ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆಂದು ನೋಡಿದರು. ನೀವೂ ಹಾಗೇ ಮಾಡಿ. ದುಡ್ಡು ಎಲ್ಲಿಂದ ಬರುತ್ತದೆ, ವಿಶ್ವವಿದ್ಯಾಲಯವೋ ದತ್ತಿ ಸಂಸ್ಥೆಯೋ ಹೂಡಿಕೆದಾರರೋ, ಕೊನೆಯ ಬಾರಿ ಅಪ್‌ಡೇಟ್ ಆದದ್ದು ಯಾವಾಗ ಎಂಬುದನ್ನು ತಿಳಿದುಕೊಳ್ಳಿ.

ಆಮೇಲೆ ಲಾಗಿನ್. ಫೆಟ್, ಡೆಸ್ಮಾಸ್, ಗಣಿತದ ಸಾಧನ ‘ಜಿಯೋಜೀಬ್ರಾ’, ಇಂಥವನ್ನು ಖಾತೆಯೇ ಇಲ್ಲದೆ ಬಳಸಬಹುದು. ಮಕ್ಕಳ ಹೆಸರು, ಇಮೇಲ್, ಹುಟ್ಟಿದ ದಿನ ಕೇಳುವ ಸಾಧನವಾದರೆ ಎಚ್ಚರ ಇರಲಿ. ಬಹಳಷ್ಟು ಸೇವೆಗಳು ‘13 ವರ್ಷ ತುಂಬಿದವರಿಗೆ ಮಾತ್ರ’ ಎನ್ನುವುದಕ್ಕೆ ಮುಖ್ಯ ಕಾರಣ ಅಮೆರಿಕ 1998ರಲ್ಲಿ ತಂದ ‘ಕಾಪಾ’ ಕಾನೂನು. ಅದಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಮಕ್ಕಳಿಗೆ ಸುಳ್ಳು ವಯಸ್ಸು ಹಾಕಿಸಿ ಖಾತೆ ಮಾಡಿಸುವುದು ಎಲ್ಲೆಡೆ ನಡೆಯುತ್ತದೆ. ದಯವಿಟ್ಟು ಮಾಡಿಸಬೇಡಿ. ಖಾತೆ ಶಿಕ್ಷಕರದೊಂದೇ ಇದ್ದು, ವಿದ್ಯಾರ್ಥಿಗಳು ಒಂದು ಕೋಡ್ ಹಾಕಿ ಅಡ್ಡಹೆಸರಿನಲ್ಲಿ ಒಳಬರುವ ಸಾಧನಗಳು ಬೇಕಾದಷ್ಟಿವೆ.

ಹೆಜ್ಜೆ 5: ಪರವಾನಗಿ

ಉಚಿತ ಎಂದರೆ ಮುಕ್ತ ಎಂದಲ್ಲ. ನೋಡಲು ದುಡ್ಡಿಲ್ಲದಿರಬಹುದು, ಆದರೆ ಪ್ರಿಂಟ್ ಹಾಕಿ ಹಂಚಲು, ಅನುವಾದಿಸಲು ಅನುಮತಿ ಇಲ್ಲದಿರಬಹುದು. ಪುಟದ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಗುರುತು ಇದೆಯೇ ನೋಡಿ. 2002ರಿಂದ ಬಳಕೆಯಲ್ಲಿರುವ ಈ ಪರವಾನಗಿಗಳಲ್ಲಿ ‘ಬೈ’ ಎಂದಿದ್ದರೆ ಹೆಸರು ಹೇಳಿ ಬಳಸಿ, ‘ಎನ್‌ಸಿ’ ಎಂದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎನ್‌ಡಿ’ ಎಂದಿದ್ದರೆ ಬದಲಾಯಿಸಿ ಹಂಚುವಂತಿಲ್ಲ, ‘ಎಸ್‌ಎ’ ಎಂದಿದ್ದರೆ ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಿ. ಪಾಠವನ್ನು ನಿಮ್ಮ ಭಾಷೆಗೆ ತರುವ ಯೋಚನೆ ಇದ್ದರೆ ಎನ್‌ಡಿ ಇರುವುದರ ಮೇಲೆ ಕೈ ಹಾಕಬೇಡಿ.

ಹೆಜ್ಜೆ 6: ಪರದೆಯಿಂದ ಹೊರಗೆ ಕರೆದೊಯ್ಯುವ ಸಾಧನಗಳನ್ನು ಮರೆಯಬೇಡಿ

ಇದು ಹೆಜ್ಜೆ ಎನ್ನುವುದಕ್ಕಿಂತ ನನ್ನ ಪಕ್ಷಪಾತ. ‘ನವೀನ’ ಎಂದರೆ ಹೆಚ್ಚು ಆ್ಯನಿಮೇಶನ್ ಎಂಬ ಕಲ್ಪನೆ ಹೇಗೋ ಬೇರೂರಿಬಿಟ್ಟಿದೆ. ನನಗೆ ನಿಜಕ್ಕೂ ನವೀನ ಅನ್ನಿಸಿದ್ದು ವಿದ್ಯಾರ್ಥಿಯನ್ನು ನೋಡುಗನಾಗಿ ಉಳಿಸದೆ ಕೆಲಸಕ್ಕೆ ಹಚ್ಚುವ ತಾಣಗಳು.

2007ರಲ್ಲಿ ಶುರುವಾದ ‘ಗ್ಯಾಲಕ್ಸಿ ಝೂ’ ಯೋಜನೆಯಲ್ಲಿ ಸಾಮಾನ್ಯ ಜನ ದೂರದರ್ಶಕದ ಚಿತ್ರಗಳನ್ನು ನೋಡಿ ಗೆಲಾಕ್ಸಿಗಳ ಆಕಾರ ವಿಂಗಡಿಸುತ್ತಿದ್ದರು. ಹಾಗೆ ನೋಡುತ್ತಿದ್ದ ನೆದರ್‌ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಅವರ ಕಣ್ಣಿಗೆ ಒಂದು ಗೆಲಾಕ್ಸಿಯ ಪಕ್ಕ ಏನೆಂದು ತಿಳಿಯದ ವಿಚಿತ್ರ ಮಚ್ಚೆ ಬಿತ್ತು. ‘ಇದೇನು?’ ಎಂದು ಕೇಳಿದರು. ಖಗೋಳ ವಿಜ್ಞಾನಿಗಳಿಗೂ ಅದು ಹೊಸದೇ. ಅದೊಂದು ಅನಿಲದ ಮೋಡ, ಇಂದು ಅವರ ಹೆಸರಿನಲ್ಲೇ ಇದೆ. ಆ ಯೋಜನೆಯಿಂದ ಬೆಳೆದ ‘ಝೂನಿವರ್ಸ್’ ತಾಣದಲ್ಲಿ ಕ್ಯಾಮೆರಾಗೆ ಸಿಕ್ಕ ಕಾಡುಪ್ರಾಣಿಗಳನ್ನು ಗುರುತಿಸುವುದು, ಹಳೆಯ ಕೈಬರಹ ಓದಿ ಬರೆಯುವುದು, ಇಂಥ ಕೆಲಸಗಳಿವೆ. ಸುತ್ತಲಿನ ಗಿಡ, ಹುಳ, ಹಕ್ಕಿಗಳ ಫೋಟೊ ಹಾಕಿ ಗುರುತಿಸಲು ‘ಐನ್ಯಾಚುರಲಿಸ್ಟ್’ ಇದೆ.

ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ತಂದ ‘ಫೈಫಾಕ್ಸ್’ ಆ್ಯಪ್ ಫೋನಿನೊಳಗಿನ ಸೆನ್ಸರ್‌ಗಳನ್ನೇ ಪ್ರಯೋಗಾಲಯ ಮಾಡುತ್ತದೆ. ಫೋನನ್ನು ದಾರಕ್ಕೆ ಕಟ್ಟಿ ಲೋಲಕದಂತೆ ತೂಗಿಸಿದರೆ ಆಂದೋಲನದ ಅವಧಿ ಬರುತ್ತದೆ. ದಾರದ ಉದ್ದ ಕೊಟ್ಟರೆ ಗುರುತ್ವದ ಬೆಲೆ ತೆಗೆಯಬಹುದು. ಗಂಟು ಮಾತ್ರ ಬಿಗಿಯಾಗಿರಲಿ, ಕೆಳಗೊಂದು ದಿಂಬಿರಲಿ. ಸಮಾಜಶಾಸ್ತ್ರ, ಅರ್ಥಶಾಸ್ತ್ರದವರಿಗೆ ‘ಗ್ಯಾಪ್‌ಮೈಂಡರ್’ನ ‘ಡಾಲರ್ ಸ್ಟ್ರೀಟ್’ ನೋಡಲು ಹೇಳುತ್ತೇನೆ. ಬೇರೆ ಬೇರೆ ದೇಶಗಳ ಮನೆಗಳ ಒಲೆ, ಹಾಸಿಗೆ, ಹಲ್ಲುಜ್ಜುವ ಬ್ರಷ್‌ಗಳ ಫೋಟೊಗಳನ್ನು ಅಲ್ಲಿ ಆದಾಯದ ಪ್ರಕಾರ ಸಾಲಾಗಿ ಇಟ್ಟಿದ್ದಾರೆ. ದೇಶ ಬೇರೆಯಾದರೂ ಆದಾಯ ಒಂದೇ ಆದಾಗ ಒಲೆಗಳು ಎಷ್ಟು ಹತ್ತಿರ ಬರುತ್ತವೆ ಎಂದು ವಿದ್ಯಾರ್ಥಿಗಳೇ ಗಮನಿಸಲಿ, ಮೊದಲೇ ಹೇಳಿಬಿಡಬೇಡಿ.

ಹೆಜ್ಜೆ 7: ಒಂದೇ ಪಾಠದಲ್ಲಿ ಪ್ರಯೋಗಿಸಿ

ಇಡೀ ವರ್ಷಕ್ಕೆ ಯೋಜನೆ ಹಾಕಬೇಡಿ. ಒಂದು ಪಾಠ, ಒಂದು ಸಾಧನ. ಮೊದಲು ಒಂದೆರಡು ಪ್ರಶ್ನೆ ಕೇಳಿ ಉತ್ತರ ಬರೆಸಿಕೊಳ್ಳಿ, ಸಾಧನ ಬಳಸಿ, ಒಂದು ವಾರ ಬಿಟ್ಟು ಅದೇ ಪ್ರಶ್ನೆ ಕೇಳಿ. ‘ಚೆನ್ನಾಗಿತ್ತಾ?’ ಎಂದು ಕೇಳಿದರೆ ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಒಂದು ವಾರದ ಅಂತರ ಯಾಕೆಂದರೆ ಕಲಿತ ದಿನ ಎಲ್ಲವೂ ನೆನಪಿರುತ್ತದೆ. ಮರೆವು ಹೇಗೆ ಏರುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೇ ಪ್ರಯೋಗಿಸಿ ತೋರಿಸಿದ. ‘ಆಂಕಿ’ಯಂಥ ಫ್ಲ್ಯಾಶ್‌ಕಾರ್ಡ್ ತಂತ್ರಾಂಶಗಳು ನಿಂತಿರುವುದೂ ಈ ತಿಳಿವಳಿಕೆಯ ಮೇಲೆ: ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದು. ಇನ್ನೊಬ್ಬರು ಮಾಡಿಟ್ಟ ಕಾರ್ಡುಗಳನ್ನು ಇಳಿಸಿಕೊಳ್ಳುವುದಕ್ಕಿಂತ ಕಲಿಯುವವರೇ ಬರೆದರೆ ಒಳ್ಳೆಯದು, ಬರೆಯುವಾಗಲೇ ಅರ್ಧ ಕಲಿತಿರುತ್ತಾರೆ.

ಹಳೆಯ ಫೋನಿನಲ್ಲಿ, ನಿಧಾನದ ಇಂಟರ್‌ನೆಟ್‌ನಲ್ಲಿ ಒಮ್ಮೆ ತೆರೆದು ನೋಡುವುದನ್ನು ಮರೆಯಬೇಡಿ. ಮೌಸ್ ಇಲ್ಲದೆ ಕೀಬೋರ್ಡಿನಿಂದ ಮಾತ್ರ ಓಡಾಡಬಹುದೇ, ವಿಡಿಯೊಗೆ ಅಡಿಬರಹ ಇದೆಯೇ ಎಂದೂ ನೋಡಿ. ಕೆಂಪು ಹಸಿರಿನ ವ್ಯತ್ಯಾಸದಿಂದಲೇ ಸರಿ ತಪ್ಪು ತಿಳಿಸುವ ಸಾಧನ, ಬಣ್ಣ ಗುರುತಿಸಲಾಗದ ವಿದ್ಯಾರ್ಥಿಗೆ ಏನನ್ನೂ ತಿಳಿಸುವುದಿಲ್ಲ.

ಹೆಜ್ಜೆ 8: ಹೊರಬರುವ ದಾರಿ ನೋಡಿಟ್ಟುಕೊಂಡು ಒಳಗೆ ಹೋಗಿ

ವೆಬ್‌ಸೈಟ್‌ಗಳು ಸಾಯುತ್ತವೆ. ಶಾಲೆಗಳಲ್ಲಿ ಬಹಳ ಬಳಕೆಯಲ್ಲಿದ್ದ ‘ಎಡ್‌ಮೋಡೊ’ 2022ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಗೂಗಲ್‌ನ ಆನ್‌ಲೈನ್ ಬಿಳಿಹಲಗೆ ‘ಜಾಮ್‌ಬೋರ್ಡ್’ 2024ರ ಡಿಸೆಂಬರ್ 31ಕ್ಕೆ ನಿಂತಿತು. ಅದಕ್ಕೂ ದೊಡ್ಡ ಪೆಟ್ಟು ಬಿದ್ದದ್ದು 2020ರ ಕೊನೆಯ ದಿನ, ಬ್ರೌಸರ್‌ನಲ್ಲಿ ಆಟ, ಆ್ಯನಿಮೇಶನ್ ಓಡಿಸುತ್ತಿದ್ದ ತನ್ನ ‘ಫ್ಲ್ಯಾಶ್’ ತಂತ್ರಾಂಶಕ್ಕೆ ಅಡೋಬಿ ಬೆಂಬಲ ನಿಲ್ಲಿಸಿದಾಗ. ಹಲವು ವರ್ಷಗಳಿಂದ ಬಳಕೆಯಲ್ಲಿದ್ದ ಎಷ್ಟೋ ಶೈಕ್ಷಣಿಕ ಆಟಗಳು ಬ್ರೌಸರ್‌ನಲ್ಲಿ ಓಡದಂತಾದವು. ಫೆಟ್ ಉಳಿದುಕೊಂಡದ್ದು ತನ್ನ ಸಿಮ್ಯುಲೇಶನ್‌ಗಳನ್ನು ಮುಂಚಿನಿಂದಲೇ, ಬ್ರೌಸರ್‌ಗಳು ನೇರವಾಗಿ ಓಡಿಸುವ ಎಚ್‌ಟಿಎಂಎಲ್5ಕ್ಕೆ ಬದಲಾಯಿಸುತ್ತಾ ಬಂದದ್ದರಿಂದ. ಮುಚ್ಚದಿದ್ದರೂ ಕೈ ಬದಲಾಗುವುದುಂಟು. 2022ರಲ್ಲಿ ಡೆಸ್ಮಾಸ್ ಎರಡಾಗಿ, ತರಗತಿಯ ಭಾಗ ‘ಆಂಪ್ಲಿಫೈ’ ಕಂಪನಿಗೆ ಹೋಯಿತು, ಗ್ರಾಫ್ ಕ್ಯಾಲ್ಕುಲೇಟರ್ ಬೇರೆ ಸಂಸ್ಥೆಯಾಗಿ ಉಳಿಯಿತು.

ಆದ್ದರಿಂದ ಮೊದಲ ದಿನವೇ ‘ಎಕ್ಸ್‌ಪೋರ್ಟ್’ ಗುಂಡಿ ಎಲ್ಲಿದೆ ಹುಡುಕಿ. ಅಂಕಪಟ್ಟಿ ಸಿಎಸ್‌ವಿ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ಕಡತ) ಆಗಿ, ಬರಹ ಪಿಡಿಎಫ್ ಅಥವಾ ಸಾಮಾನ್ಯ ಪಠ್ಯವಾಗಿ ಹೊರಬರುತ್ತದೆಯೇ ನೋಡಿ. ಬರದಿದ್ದರೆ ಆ ಸಾಧನದಲ್ಲಿ ಒಂದು ದಿನದ ಚಟುವಟಿಕೆ ಮಾಡಿ, ವರ್ಷದ ಕೆಲಸ ಇಡಬೇಡಿ. ಸಂವಾದಾತ್ಮಕ ಪಾಠಗಳನ್ನು ನೀವೇ ಕಟ್ಟುವುದಾದರೆ ‘ಎಚ್5ಪಿ’ ಒಳ್ಳೆಯ ಆಯ್ಕೆ. ಮಾಡಿದ್ದನ್ನು ಫೈಲ್ ಆಗಿ ಇಳಿಸಿಕೊಂಡು ಬೇರೆ ಕಡೆ, ‘ಮೂಡಲ್’ ಎಂಬ ಆನ್‌ಲೈನ್ ತರಗತಿ ವ್ಯವಸ್ಥೆಯಲ್ಲೂ ಸಹ, ಹಾಕಬಹುದು. ಇಂಟರ್‌ನೆಟ್ ಇಲ್ಲದ ಹೊತ್ತಿಗೆ ‘ಕಿವಿಕ್ಸ್’ ಮೂಲಕ ಇಡೀ ವಿಕಿಪೀಡಿಯವನ್ನೇ ಒಂದು ಫೈಲ್ ಆಗಿ ಇಟ್ಟುಕೊಳ್ಳಬಹುದು. ‘ಕೊಲಿಬ್ರಿ’ಯಲ್ಲಿ ಪಾಠಗಳನ್ನು ಒಂದು ಕಂಪ್ಯೂಟರಿಗೆ ತುಂಬಿಸಿ, ಸುತ್ತಲಿನ ಫೋನುಗಳಿಗೆ ಇಂಟರ್‌ನೆಟ್ ಇಲ್ಲದೆಯೇ ಕೊಡಬಹುದು. ಫೆಟ್‌ನ ಸಿಮ್ಯುಲೇಶನ್‌ಗಳನ್ನೂ ಒಂದೊಂದಾಗಿ ಇಳಿಸಿಡಬಹುದು. ಸತ್ತ ಪುಟವೇ ಬೇಕೆಂದರೆ ಇಂಟರ್‌ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷಿನ್’ನಲ್ಲಿ ಹಳೆಯ ವಿಳಾಸ ಹಾಕಿ ನೋಡಿ. ಬರಹ ಸಾಮಾನ್ಯವಾಗಿ ಸಿಗುತ್ತದೆ, ಲಾಗಿನ್‌ನ ಒಳಗಿದ್ದದ್ದು ಸಿಗುವುದಿಲ್ಲ.

ಹೆಜ್ಜೆ 9: ಬರೆದಿಡಿ, ವಾಪಸ್ ಕೊಡಿ

ಬುಕ್‌ಮಾರ್ಕ್ ಬೇಡ, ಒಂದು ಸ್ಪ್ರೆಡ್‌ಶೀಟ್ ಇರಲಿ. ಮೊದಲ ಕಾಲಂನಲ್ಲಿ ಸಾಧನದ ಹೆಸರಲ್ಲ, ತೊಡಕು. ಆಮೇಲೆ ಸಾಧನ, ವಿಳಾಸ, ಲಾಗಿನ್ ಬೇಕೇ, ಪರವಾನಗಿ, ಬಳಸಿದ ದಿನಾಂಕ, ಒಂದು ವಾರದ ನಂತರ ಏನು ಕಂಡಿತು. ಕೆಲಸಕ್ಕೆ ಬಾರದ್ದನ್ನೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಅದನ್ನೇ ಮತ್ತೆ ಹುಡುಕಿ ಖುಷಿಪಡುತ್ತೀರಿ.

ಒಂದು ಸಾಧನಕ್ಕೆ ನೀವು ಮಾಡಿದ ಅಭ್ಯಾಸಪತ್ರ ಚೆನ್ನಾಗಿ ಬಂದಿದ್ದರೆ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬೇಡಿ. ಫೆಟ್ ತಾಣದಲ್ಲಿ ಪ್ರತಿ ಸಿಮ್ಯುಲೇಶನ್ ಜೊತೆಗೂ ಶಿಕ್ಷಕರು ಕಳಿಸಿದ ಚಟುವಟಿಕೆಗಳ ಪಟ್ಟಿ ಇರುತ್ತದೆ, ಜಿಯೋಜೀಬ್ರಾದಲ್ಲೂ ಬಳಕೆದಾರರು ಮಾಡಿದ ಕಡತಗಳ ರಾಶಿಯೇ ಇದೆ, ಒಇಆರ್ ಕಾಮನ್ಸ್ ಅಂತೂ ಇರುವುದೇ ಅದಕ್ಕೆ. ಸೇರಿಸುವಾಗ ವಿವರಣೆಯ ಮೊದಲ ಸಾಲಿನಲ್ಲಿ ಯಾವ ತರಗತಿ, ಯಾವ ವಿಷಯ ಎನ್ನುವುದರ ಜೊತೆಗೆ ವಿದ್ಯಾರ್ಥಿಗಳ ಯಾವ ತಪ್ಪು ಕಲ್ಪನೆಗೆ ಇದನ್ನು ಮಾಡಿದ್ದು ಎಂದೂ ಬರೆಯಿರಿ. ಅದೇ ತೊಡಕು ಇರುವ ಇನ್ನೊಬ್ಬ ಶಿಕ್ಷಕರು ಹುಡುಕಿದಾಗ ಆ ಸಾಲಿನಿಂದಲೇ ನಿಮ್ಮ ಅಭ್ಯಾಸಪತ್ರ ಅವರ ಕೈಗೆ ಸಿಗುತ್ತದೆ.